ಮಗುವಿನ ಮಾತು, ಯಾರ ಕನ್ನಡ?

ನಮ್ಮ ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಕ್ಷಿ ನುಡಿದದ್ದನ್ನು ಬೆರಳಚ್ಚು ಮಾಡಿದ ಹಾಳೆಯನ್ನು ಸಾಹಿತ್ಯದ ವಿದ್ಯಾರ್ಥಿಗಳು ಒಮ್ಮೆಯಾದರೂ ಓದಬೇಕು. ಬಹುಪಾಲು ಅದು ಕನ್ನಡದಲ್ಲೇ ಇರುತ್ತದೆ. ವಕೀಲರು ಕೇಳಿದ ಪ್ರಶ್ನೆಗಳು ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಪ್ರಶ್ನೆ, ಉತ್ತರ, ತಡವರಿಕೆ, ತಲೆಯಾಡಿಸಿದ್ದು ಎಲ್ಲವೂ ಕರಗಿಹೋಗಿ, ಸಾಕ್ಷಿಯೊಬ್ಬರು "ನಾನು" ಎಂದು ಶುರು ಮಾಡಿ ಒಂದೇ ಉಸಿರಿಗೆ ಕಥೆ ಹೇಳಿದಂತೆ ಓದಿಸಿಕೊಳ್ಳುತ್ತದೆ. ಪಾಟೀ ಸವಾಲಿನ ಭಾಗಕ್ಕೆ ಬಂದರೆ ಒಂದು ವಿಚಿತ್ರ ವಾಕ್ಯರಚನೆ ಎದುರಾಗುತ್ತದೆ: "ನಾನು ತಂದೆ ತಾಯಿ ಹೇಳಿಕೊಟ್ಟಂತೆ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಈ ವಾಕ್ಯದಲ್ಲಿ "ನಾನು" ಎಂದು ಶುರುವಾಗುವ ಇಡೀ ಉದ್ದದ ಭಾಗ ಎದುರು ವಕೀಲರದು. ಕೊನೆಯ "ಸರಿಯಲ್ಲ" ಮಾತ್ರ ಸಾಕ್ಷಿಯದು. ಅದೂ ಬಹಳ ಸಲ ಸಾಕ್ಷಿ ಹೇಳಿರುವುದು ಬರೀ "ಇಲ್ರಿ" ಅಂತ.

ಇದು ಬೆರಳಚ್ಚುಗಾರರ ಅಭ್ಯಾಸವಷ್ಟೇ ಅಲ್ಲ. ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಕಥನ ರೂಪದಲ್ಲಿ ಬರೆದುಕೊಳ್ಳಬೇಕು, ನ್ಯಾಯಾಧೀಶರಿಗೆ ಬೇಕೆನಿಸಿದರೆ ಯಾವುದೇ ಭಾಗವನ್ನು ಪ್ರಶ್ನೋತ್ತರ ರೂಪದಲ್ಲಿ ಬರೆಸಬಹುದು ಎಂದು ದಂಡ ಪ್ರಕ್ರಿಯಾ ಸಂಹಿತೆಯ 276ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 311ನೇ ಕಲಂ ಕೂಡ ಅದನ್ನೇ ಮುಂದುವರಿಸಿದೆ. ಅಂದರೆ ನಿರೂಪಣೆಯ ತಂತ್ರವೊಂದನ್ನು ಕಾನೂನೇ ಆರಿಸಿಕೊಂಡಿದೆ.

ನಾನು ಪಿಎಚ್.ಡಿ.ಗೆ ಓದುತ್ತಿರುವುದು ಕನ್ನಡದ ಆತ್ಮಕಥನಗಳಲ್ಲಿ "ನಾನು" ಹೇಗೆ ರೂಪುಗೊಳ್ಳುತ್ತದೆ ಎಂಬ ವಿಷಯವನ್ನು. ಅದರ ಜೊತೆಗೆ ಎರಡು ವರ್ಷಗಳಿಂದ ಪೋಕ್ಸೊ ಪ್ರಕರಣಗಳಲ್ಲಿ ಮಕ್ಕಳ ಜೊತೆಗಿರುವ ಬೆಂಬಲ ವ್ಯಕ್ತಿಯಾಗಿ, ಅಂದರೆ ಎಲ್ಲರೂ ಹೇಳುವ 'ಸಪೋರ್ಟ್ ಪರ್ಸನ್' ಆಗಿ ಕೆಲಸ ಮಾಡುತ್ತಿದ್ದೇನೆ. ಈ ಎರಡು ಕೆಲಸಗಳಿಗೆ ಸಂಬಂಧವಿಲ್ಲ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಪರವಾಗಿ ನಿಲ್ಲುವುದನ್ನು ನಮ್ಮ ಸಿನಿಮಾ, ನಾಟಕ, ಕಥೆಗಳು ಹೇಗೆ ಕಲ್ಪಿಸಿಕೊಂಡಿವೆ, ಆ ಕಲ್ಪನೆಯಲ್ಲಿ ಮಗುವಿನ ಮಾತಿಗೆ ಎಷ್ಟು ಜಾಗವಿದೆ ಎಂದು ಕೇಳುವುದು ಈ ಬರಹದ ಉದ್ದೇಶ. ಮೊದಲೇ ಒಂದು ಮಾತು. ಮಗುವಿನ ಗುರುತು ಹೊರಬೀಳುವಂಥ ಯಾವುದನ್ನೂ ಬರೆಯಬಾರದು ಎಂಬುದು ಕಾನೂನು, ಅದಕ್ಕಿಂತ ಮೊದಲು ಅದು ಮರ್ಯಾದೆ. ಇಲ್ಲಿ ಮಕ್ಕಳ ಮಾತೆಂದು ಕೊಟ್ಟಿರುವ ಪದ, ವಾಕ್ಯಗಳು ಯಾವ ಮಗುವಿನವೂ ಅಲ್ಲ. ಕೇಳಿದ್ದರ ಜಾಡಿನಲ್ಲಿ ನಾನೇ ಕಟ್ಟಿದವು.

ಹಾಗೆ ಕಟ್ಟಿದ ಒಂದು ಉದಾಹರಣೆ. ಧಾರವಾಡ ಕಡೆಯ ಹತ್ತು ವರ್ಷದ ಹುಡುಗಿ ಹೀಗೆ ಹೇಳಿದಳು ಎಂದುಕೊಳ್ಳಿ: "ಅವತ್ತ ಮನ್ಯಾಗ ಯಾರೂ ಇರಲಿಲ್ರಿ. ಅಂವಾ ಬಂದ. ನನಗ ಒಂಥರಾ ಆತ್ರಿ. ಗಪ್ಪ ಕುಂತೆ." ಇದು ಠಾಣೆಯ ಕನ್ನಡಕ್ಕೆ ಹೋದಾಗ ಹೀಗಾಗುವ ಸಾಧ್ಯತೆ ಬಹಳ: "ಸದರಿ ದಿವಸ ನಾನು ಮನೆಯಲ್ಲಿ ಒಬ್ಬಳೇ ಇದ್ದಾಗ್ಗೆ ಆರೋಪಿತನು ಅಕ್ರಮವಾಗಿ ಪ್ರವೇಶ ಮಾಡಿ ನನಗೆ ಮಾನಸಿಕ ಹಿಂಸೆ ನೀಡಿರುತ್ತಾನೆ." ಬರೆದುಕೊಂಡವರಿಗೆ ಮಗುವಿನ ಮೇಲೆ ಸಿಟ್ಟೇನೂ ಇಲ್ಲ. ಮಗುವಿನ ಮಾತು ಸಪ್ಪೆಯಾಯಿತು, ಕೋರ್ಟಿನಲ್ಲಿ ನಿಲ್ಲಲಾರದು ಎಂಬ ಕಾಳಜಿಯಿಂದಲೇ ಅದಕ್ಕೆ ಬಲ ತುಂಬಿದ್ದಾರೆ. ಆದರೆ "ಅಂವಾ" ಎಂದರೆ ದಿನಾ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದ ಬಳಗದವನು. ಒಂದು ವರ್ಷದ ಮೇಲೆ ಪಾಟೀ ಸವಾಲಿನಲ್ಲಿ "ಅವನು ನಿಮ್ಮ ಮನೆಗೆ ಯಾವಾಗಲೂ ಬರುತ್ತಿದ್ದನಲ್ಲ?" ಎಂದು ಕೇಳಿದರೆ ಮಗು "ಹೂಂರಿ" ಎನ್ನುತ್ತದೆ, ಅದು ನಿಜ. "ಹಾಗಾದರೆ ಅಕ್ರಮವಾಗಿ ನುಗ್ಗಿದ ಎಂದು ಹೇಳಿಕೆ ಕೊಟ್ಟಿದ್ದೀಯಲ್ಲ?" ಎಂದರೆ ಮಗುವಿನ ಹತ್ತಿರ ಉತ್ತರವಿಲ್ಲ. ಅದು ಹೇಳಿಯೇ ಇಲ್ಲದ ಮಾತಿಗೂ ಹೇಳಿದ ಮಾತಿಗೂ ನಡುವೆ ವೈರುಧ್ಯ ಹುಟ್ಟಿತು, ಅದರ ಹೊಣೆ ಮಗುವಿನ ತಲೆಗೆ ಬಂತು.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಗೆ ಈ ಅಪಾಯ ಗೊತ್ತಿದೆ. ಮಗುವಿನ ಹೇಳಿಕೆಯನ್ನು ಮಗು ಆಡಿದ ಮಾತಿನಲ್ಲೇ ಬರೆದುಕೊಳ್ಳಬೇಕು ಎಂದು ಅದರ 25 ಮತ್ತು 26ನೇ ಕಲಂಗಳು ಹೇಳುತ್ತವೆ. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಮಗುವಿನ ಮನೆಯಲ್ಲೋ ಅದು ಆರಿಸಿಕೊಂಡ ಜಾಗದಲ್ಲೋ ಮಾತಾಡಿಸಬೇಕು, ಭಾಷೆ ಬೇರೆಯಾದರೆ ಅನುವಾದಕರನ್ನು ಕರೆಯಬಹುದು. ವಿಚಾರಣೆಯಲ್ಲಿ ಎರಡೂ ಕಡೆಯ ವಕೀಲರು ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಒಪ್ಪಿಸಬೇಕು, ಮಗುವನ್ನು ಕೇಳುವವರು ನ್ಯಾಯಾಧೀಶರೇ. ನಡುನಡುವೆ ಬಿಡುವು ಕೊಡಬೇಕು, ಪದೇ ಪದೇ ಕರೆಸಬಾರದು, ಆರೋಪಿಯ ಕಣ್ಣಿಗೆ ಮಗು ಬೀಳದಂತೆ ನೋಡಿಕೊಳ್ಳಬೇಕು. 2020ರ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಮಗುವಿಗೊಬ್ಬ ಬೆಂಬಲ ವ್ಯಕ್ತಿಯನ್ನು ಕೊಡುತ್ತದೆ. ಈ ನೇಮಕವನ್ನು ಐಚ್ಛಿಕವೆಂದು ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಹೇಳಿತು.

ನಾವು ಮಾಡುವ ಕೆಲಸ ಹೊರಗಿನಿಂದ ನೋಡಿದರೆ ಏನೂ ಅಲ್ಲ. ಮುಂದಿನ ತಾರೀಖು ಯಾವತ್ತು ಎಂದು ತಿಳಿಸುವುದು, ಖಾಲಿ ಇರುವಾಗ ಕೋರ್ಟ್ ಹಾಲ್ ತೋರಿಸಿ "ಇಲ್ಲಿ ಜಡ್ಜ್ ಕೂರ್ತಾರೆ, ಇಲ್ಲಿ ನೀನು" ಎನ್ನುವುದು, ಪರಿಹಾರದ ಅರ್ಜಿ ಎಲ್ಲಿ ನಿಂತಿದೆ ಎಂದು ವಿಚಾರಿಸುವುದು, ಶಾಲೆಯಲ್ಲಿ ಹಾಜರಾತಿ ಸರಿಮಾಡಿಸುವುದು, ತಾಯಿಯ ಒಂದು ದಿನದ ಕೂಲಿ ತಪ್ಪಿದ್ದಕ್ಕೆ ಏನಾದರೂ ದಾರಿ ಇದೆಯೇ ನೋಡುವುದು. ಘಟನೆಯ ಬಗ್ಗೆ ಮಗುವಿನ ಜೊತೆ ಚರ್ಚಿಸಬಾರದು, ಏನು ಹೇಳಬೇಕೆಂದು ಹೇಳಿಕೊಡಬಾರದು ಎಂಬುದು ತರಬೇತಿಯ ಮೊದಲ ಪಾಠ. ಒಬ್ಬರ ಪರವಾಗಿ ನಿಲ್ಲುವುದು ಎಂದರೆ ಅವರ ಪರವಾಗಿ ಮಾತಾಡುವುದು ಎಂದು ತಿಳಿದಿದ್ದ ನನಗೆ, ಪರವಾಗಿ ನಿಂತು ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯಲು ತುಂಬ ಕಾಲ ಹಿಡಿಯಿತು.

ಈ ವಿಷಯದ ಮೇಲೆ ಇತ್ತೀಚೆಗೆ ಬಂದ ಸಿನಿಮಾಗಳಲ್ಲಿ ಹೆಚ್ಚು ಮೆಚ್ಚುಗೆ ಪಡೆದದ್ದು 2023ರ ಹಿಂದಿ ಚಿತ್ರ 'ಸಿರ್ಫ್ ಏಕ್ ಬಂದಾ ಕಾಫೀ ಹೈ'. ಅಪೂರ್ವ್ ಸಿಂಗ್ ಕರ್ಕಿ ನಿರ್ದೇಶನ. ಜೋಧಪುರದಲ್ಲಿ ನಡೆದ ನಿಜ ಮೊಕದ್ದಮೆಯಿಂದ ಪ್ರೇರಿತವಾದದ್ದು. ಪ್ರಭಾವಶಾಲಿ ಬಾಬಾನ ವಿರುದ್ಧ ಅಪ್ರಾಪ್ತ ಹುಡುಗಿಯ ಪರ ನಿಂತ ಸೆಷನ್ಸ್ ಕೋರ್ಟಿನ ವಕೀಲನಾಗಿ ಮನೋಜ್ ಬಾಜಪೇಯಿ ನಟಿಸಿದ್ದಾರೆ. ಸ್ಕೂಟರಿನಲ್ಲಿ ಓಡಾಡುವ, ದೊಡ್ಡ ವಕೀಲರೆದುರು ಬೆವರುವ ಈ ಮನುಷ್ಯ ನನಗೂ ಇಷ್ಟ. ಕಾಯ್ದೆಯ ಕಲಂಗಳನ್ನು ಜನಸಾಮಾನ್ಯರಿಗೆ ಮುಟ್ಟಿಸಿದ್ದಕ್ಕೆ ಚಿತ್ರಕ್ಕೆ ಋಣಿಯಾಗಿರಬೇಕು.

ಆದರೆ ಚಿತ್ರ ಮುಗಿದ ಮೇಲೆ ನಮ್ಮ ಕಿವಿಯಲ್ಲಿ ಉಳಿಯುವುದು ಯಾರ ದನಿ? ವಕೀಲನ ಕೊನೆಯ ವಾದ. ಪುರಾಣದ ಕಥೆಯನ್ನು ಎಳೆದು ತಂದು, ದನಿ ಏರಿಸಿ, ಕಣ್ಣು ತುಂಬಿಕೊಂಡು ಅವನು ಆಡುವ ಮಾತು. ಹುಡುಗಿಯ ಪಾತ್ರದಲ್ಲಿ ಅದ್ರಿಜಾ ಸಿನ್ಹಾ ಚೆನ್ನಾಗಿಯೇ ನಟಿಸಿದ್ದಾಳೆ, ಅವಳ ಸಾಕ್ಷ್ಯದ ದೃಶ್ಯಗಳೂ ಇವೆ. ಆದರೂ ಆ ದೃಶ್ಯಗಳು ಒದಗಿಸುವುದು ಕಚ್ಚಾವಸ್ತುವನ್ನು, ಅದನ್ನು ನ್ಯಾಯವಾಗಿ ಮಾರ್ಪಡಿಸುವುದು ವಕೀಲನ ವಾಗ್ಮಿತೆ ಎಂಬ ಭಾವನೆ ನೋಡುಗರಲ್ಲಿ ಉಳಿಯುತ್ತದೆ. ಶೀರ್ಷಿಕೆಯೇ ಅದನ್ನು ಹೇಳುತ್ತದೆ, ಒಬ್ಬನೇ ಒಬ್ಬ ಸಾಕು. ನಾನು ಕಂಡ ಮಟ್ಟಿಗೆ ಒಬ್ಬರು ಎಂದೂ ಸಾಕಾಗಿಲ್ಲ. ಹೇಳಿಕೆ ಬರೆದುಕೊಳ್ಳುವ ಮಹಿಳಾ ಎಸ್‌ಐ, ಪರೀಕ್ಷೆ ಮಾಡುವ ವೈದ್ಯೆ, ಅಭಿಯೋಜಕರು, ಸಮಿತಿಯ ಸದಸ್ಯರು, ಬೇರೆ ಊರಿನ ಶಾಲೆಗೆ ಸೇರಿಸಿಕೊಂಡ ಮುಖ್ಯೋಪಾಧ್ಯಾಯರು, ನೆರೆಹೊರೆಯವರ ಮಾತಿಗೆ ಬಗ್ಗದ ಅಜ್ಜಿ, ಇವರಲ್ಲಿ ಒಬ್ಬರು ಕೈಬಿಟ್ಟರೂ ಕೇಸು ಕುಂಟುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳು ಮತ್ತು ಕಾನೂನು ಕೇಂದ್ರ 2017ರಲ್ಲಿ ಕರ್ನಾಟಕದ ಪೋಕ್ಸೊ ವಿಶೇಷ ನ್ಯಾಯಾಲಯಗಳ ಕುರಿತು ಅಧ್ಯಯನ ವರದಿ ತಂದಿತು. ಮಕ್ಕಳು ಪ್ರತಿಕೂಲ ಸಾಕ್ಷಿಗಳಾಗಿಬಿಡುವುದು ಅದು ಎತ್ತಿದ ಮುಖ್ಯ ಆತಂಕಗಳಲ್ಲೊಂದು. ಎಂಥ ವಾಗ್ಮಿಯಾದರೂ, ಮಗು ಹಿಂದೆ ಸರಿದ ಮೇಲೆ ಏನು ವಾದಿಸಲಿ?

ತಮಿಳಿನ 'ಗಾರ್ಗಿ' (2022, ನಿರ್ದೇಶನ ಗೌತಮ್ ರಾಮಚಂದ್ರನ್) ಕನ್ನಡದಲ್ಲೂ ಬಿಡುಗಡೆಯಾಗಿತ್ತು. ಅದು ಈ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕ ಚಿತ್ರ. ಮಗುವಿನ ಮೇಲಿನ ಅತ್ಯಾಚಾರದ ಆರೋಪದಲ್ಲಿ ಬಂಧಿತನಾದ ಕಾವಲುಗಾರ ಅಪ್ಪನನ್ನು ಬಿಡಿಸಲು ಶಾಲಾ ಶಿಕ್ಷಕಿ ಗಾರ್ಗಿ ಹೆಣಗುತ್ತಾಳೆ. ಸಾಯಿ ಪಲ್ಲವಿಯ ಮುಖ ನೋಡುತ್ತ ನಾವು ಆ ಅಪ್ಪ ನಿರಪರಾಧಿಯಾಗಿರಲಿ ಎಂದು ಹಾರೈಸತೊಡಗುತ್ತೇವೆ. ಮಗು ಗುರುತು ಹಿಡಿದದ್ದು ಔಷಧದ ಮಂಪರಿನಲ್ಲಿ ಎಂಬ ವಾದ ಬಂದಾಗ ನಮಗೂ ನಿರಾಳವಾಗುತ್ತದೆ. ಕೊನೆಗೆ ಮಗು ಹೇಳಿದ್ದೇ ನಿಜ ಎಂದು ತಿಳಿದಾಗ ನಾಚಿಕೆಯಾಗುವುದು ಪಾತ್ರಗಳಿಗೆ ಮಾತ್ರವಲ್ಲ, ನಮಗೂ. ಎರಡು ಗಂಟೆಯ ಕಾಲ ಮಗುವಿನ ಮಾತು ತಪ್ಪಾಗಿರಲಿ ಎಂದು ಬಯಸಿದವರು ನಾವು. ಮಗುವನ್ನು ನಂಬದಿರುವುದು ದುಷ್ಟರ ಕೆಲಸ ಎಂದುಕೊಂಡಿರುತ್ತೇವೆ. ಪ್ರೀತಿಯಿರುವವರೇ ಅದನ್ನು ಹೆಚ್ಚು ಮಾಡುತ್ತಾರೆ ಎಂಬುದನ್ನು 'ಗಾರ್ಗಿ' ನಮ್ಮ ಮೈಮೇಲೆ ಪ್ರಯೋಗಿಸಿ ತೋರಿಸುತ್ತದೆ. ಚಿತ್ರದಲ್ಲಿ ಮಗುವಿನ ಮಾತು ಬಹಳ ಕಡಿಮೆ. ಆದರೆ ಆ ಕಡಿಮೆ ಮಾತಿನ ಸುತ್ತಲೇ ಇಡೀ ಚಿತ್ರ ತಿರುಗುತ್ತದೆ, ಯಾರ ಭಾಷಣವೂ ಅದರ ಬದಲಿಗೆ ಬಂದು ಕೂರುವುದಿಲ್ಲ.

ನ್ಯಾಯಾಲಯದಲ್ಲಿ ನಿಂತ ಮಗುವಿನ ಬಗ್ಗೆ ನಾನು ಓದಿದ ಅತ್ಯುತ್ತಮ ಬರಹ ಮಾತ್ರ ಬಹಳ ದೂರದ್ದು, ಅಮೆರಿಕದ ಮಾಯಾ ಏಂಜೆಲೋ 1969ರಲ್ಲಿ ಪ್ರಕಟಿಸಿದ ಆತ್ಮಕಥನ 'ಐ ನೋ ವೈ ದಿ ಕೇಜ್ಡ್ ಬರ್ಡ್ ಸಿಂಗ್ಸ್'. ಸೇಂಟ್ ಲೂಯಿಸ್‌ನಲ್ಲಿ ಎಂಟು ವರ್ಷದ ಮಾಯಾ ತಾಯಿಯ ಗೆಳೆಯ ಫ್ರೀಮನ್‌ನಿಂದ ಅತ್ಯಾಚಾರಕ್ಕೆ ಒಳಗಾಗುತ್ತಾಳೆ. ಕೋರ್ಟಿನಲ್ಲಿ ಅವನ ವಕೀಲ ಮೊದಲು ಕೇಳುವುದು, ಆ ದಿನ ಅವನು ಏನು ತೊಟ್ಟಿದ್ದ ಎಂದು. ಅವಳಿಗೆ ನೆನಪಿಲ್ಲ. ಆಮೇಲಿನ ಪ್ರಶ್ನೆ, ಅದಕ್ಕೂ ಮೊದಲು ಅವನು ನಿನ್ನನ್ನು ಮುಟ್ಟಿದ್ದನೇ ಎಂದು. ಮುಟ್ಟಿದ್ದ. ಆದರೆ ಹೌದೆಂದರೆ ಅಮ್ಮ, ಅಜ್ಜಿ, ಅಣ್ಣ ಬೇಯ್ಲಿ ಏನಂದುಕೊಳ್ಳುತ್ತಾರೋ ಎಂಬ ಭಯ. ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದಾರೆ. ಅವಳು ಇಲ್ಲ ಎಂದುಬಿಡುತ್ತಾಳೆ. ಫ್ರೀಮನ್‌ಗೆ ಒಂದು ವರ್ಷ ಒಂದು ದಿನದ ಶಿಕ್ಷೆಯಾಗುತ್ತದೆ, ಅದೇ ದಿನ ಬಿಡುಗಡೆಯೂ ಆಗುತ್ತದೆ, ಆಮೇಲೆ ಅವನನ್ನು ಯಾರೋ ಕೊಂದಿರುತ್ತಾರೆ. ತನ್ನ ಸುಳ್ಳೇ ಅವನನ್ನು ಕೊಂದಿತು, ತನ್ನ ಬಾಯಿಂದ ಹೊರಟ ಮಾತು ಯಾರನ್ನಾದರೂ ಕೊಲ್ಲಬಹುದು ಎಂದು ನಂಬಿದ ಮಗು ಬೇಯ್ಲಿಯನ್ನು ಬಿಟ್ಟು ಬೇರೆಲ್ಲರ ಜೊತೆ ವರ್ಷಗಟ್ಟಲೆ ಮಾತು ಬಿಡುತ್ತಾಳೆ.

ಈ "ಇಲ್ಲ" ನಮ್ಮ ಹಾಳೆಯಲ್ಲಿ ಹೇಗೆ ಬರುತ್ತಿತ್ತು? "ಅದಕ್ಕೂ ಮೊದಲು ಆರೋಪಿತನು ನನ್ನನ್ನು ಮುಟ್ಟಿರುವುದಿಲ್ಲ." ಒಂದು ಸಾಲು. ಏಂಜೆಲೋ ಮಾಡಿದ್ದು ಆ ಒಂದು ಸಾಲಿನ ಸುತ್ತ ಇದ್ದುದನ್ನೆಲ್ಲ ಬರೆದದ್ದು: ಪ್ರಶ್ನೆಗೂ ಉತ್ತರಕ್ಕೂ ನಡುವಿನ ಕಾಲ, ಕಾಯುತ್ತಿರುವ ಮುಖಗಳು, ಮಗುವಿನ ಲೆಕ್ಕಾಚಾರ. ಆ ಉತ್ತರ ಸುಳ್ಳು. ಆದರೆ ಅದನ್ನು ಓದಿದವರು ಯಾರೂ ಆ ಮಗುವನ್ನು ಸುಳ್ಳುಗಾತಿ ಎನ್ನಲಾರರು. ಆಮೇಲೆ ಸ್ಟ್ಯಾಂಪ್ಸ್ ಎಂಬ ಸಣ್ಣ ಊರಿನಲ್ಲಿ ಶ್ರೀಮತಿ ಫ್ಲವರ್ಸ್ ಎಂಬಾಕೆ ಈ ಮೂಕಿಯನ್ನು ಮನೆಗೆ ಕರೆದು, ಬಿಸ್ಕತ್ತು ಕೊಟ್ಟು, ಡಿಕನ್ಸನ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಏನಾಯಿತೆಂದು ಬಗೆದು ಕೇಳುವುದಿಲ್ಲ. ಮಾತು ಅನ್ನುವುದು ಇಷ್ಟು ಚೆಂದವಾಗಿಯೂ ಇರಬಹುದು ಎಂದು ಕೇಳಿಸಿ ಸುಮ್ಮನಿರುತ್ತಾರೆ. ಬೆಂಬಲ ವ್ಯಕ್ತಿ ಎಂಬ ಪದ ಹುಟ್ಟುವ ಎಷ್ಟೋ ಮೊದಲಿನ ಬೆಂಬಲ ವ್ಯಕ್ತಿ ಆಕೆ ಎಂದು ನನಗನ್ನಿಸುತ್ತದೆ.

ಹೇಳದೆ ಉಳಿದ ಮಾತು ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೂ ಒಂದು ಕಥೆಯಿದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಉಸಿರುಕಟ್ಟಿದ ಕಥೆ, ಹಾಡು ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು, ಒಂದು ಹೊಸ್ತಿಲ ಹತ್ತಿರ ಗಂಡಸಿನ ಜೋಡಾಯಿತು, ಇನ್ನೊಂದು ಗೂಟಕ್ಕೆ ತೂಗಿದ ಕೋಟಾಯಿತು. ಗಂಡ ಬಂದು ಇವು ಯಾರವು ಎಂದ. ಅವಳಿಗೇನು ಗೊತ್ತು? ಅವನು ಜಗಳವಾಡಿ ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳೆಲ್ಲ ರಾತ್ರಿ ಅಲ್ಲಿ ಸೇರಿ ಹರಟುವಾಗ ಅವನ ಮನೆಯ ದೀಪದ ಬಾಯಲ್ಲೇ ನಿಜ ಗೊತ್ತಾಯಿತು. ಮನೆಗೆ ಬಂದು ಹೆಂಡತಿಯನ್ನು ಆ ಕಥೆ, ಹಾಡು ಯಾವುದು ಎಂದು ಕೇಳಿದರೆ ಅವಳು ಅಷ್ಟರಲ್ಲಿ ಎರಡನ್ನೂ ಮರೆತುಬಿಟ್ಟಿದ್ದಳು.

ಗಿರೀಶ ಕಾರ್ನಾಡರ 'ನಾಗಮಂಡಲ'ದ (1988) ಚೌಕಟ್ಟಿನಲ್ಲಿ ಹರಟುವ ದೀಪಗಳು ಈ ಕಥೆಯಿಂದಲೇ ಬಂದವು. ಇದನ್ನು ನಾವು ಸಾಮಾನ್ಯವಾಗಿ ಕಥೆಗಳ ಸ್ವಭಾವದ ಬಗೆಗಿನ ಕಥೆ ಎಂದು ತರಗತಿಯಲ್ಲಿ ಓದುತ್ತೇವೆ. ಕೋರ್ಟಿನ ಕಾರಿಡಾರಿನಲ್ಲಿ ಕೂತು ನೆನೆದಾಗ ನನಗೆ ಅದು ಸಾಕ್ಷ್ಯದ ಕಥೆಯಾಗಿ ಕಂಡಿತು. ಹೇಳದೆ ಉಳಿದದ್ದು ಸುಮ್ಮನಿರುವುದಿಲ್ಲ, ಹೇಳದವಳ ವಿರುದ್ಧವೇ ಪುರಾವೆಯಾಗಿ ಬಾಗಿಲಲ್ಲಿ ಬಂದು ನಿಲ್ಲುತ್ತದೆ. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂಬ ಪ್ರಶ್ನೆ ಆ ಜೋಡಿನಂಥದ್ದು. ನಿಜ ಹೊರಬೀಳುವುದು ಅವಳಿಲ್ಲದ ಜಾಗದಲ್ಲಿ, ಬೇರೆಯವರ ಬಾಯಲ್ಲಿ. ಕೊನೆಗೆ ಅವಳನ್ನೇ ಕೇಳೋಣವೆಂದು ಯಾರಾದರೂ ಬರುವಷ್ಟರಲ್ಲಿ ಅವಳಿಗೆ ಮರೆತುಹೋಗಿರುತ್ತದೆ. ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಿಸಬೇಕು, ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕು ಎಂದು ಪೋಕ್ಸೊ ಕಾಯ್ದೆಯ 35ನೇ ಕಲಂ ಹೇಳುವುದು ಈ ಮರೆವಿಗೆ ಹೆದರಿಯೇ. ತಾರೀಖಿನ ಮೇಲೆ ತಾರೀಖು ಬಿದ್ದು ಮಗು ಎರಡು ತರಗತಿ ಮುಂದೆ ಹೋಗಿರುತ್ತದೆ. ಮರೆಯಲು ಅದಕ್ಕೆ ಹಕ್ಕೂ ಇದೆ. ಅದರ ಆರೋಗ್ಯಕ್ಕೆ ಮರೆವು ಬೇಕು, ಕೇಸಿಗೆ ನೆನಪು ಬೇಕು. ಇವೆರಡರ ನಡುವೆ ಕೂತಿರುವ ಮಗುವಿನ ಬಗ್ಗೆ ಕನ್ನಡದಲ್ಲಿ ಯಾರಾದರೂ ಒಂದು ಕಥೆ ಬರೆಯಬಾರದೇ ಎಂದು ಎಷ್ಟೋ ಸಲ ಅನ್ನಿಸಿದೆ.

'ನಾಗಮಂಡಲ'ದಲ್ಲಿ ಇನ್ನೊಂದು ಸಾಕ್ಷ್ಯವೂ ಇದೆ. ರಾಣಿ ಪಂಚರೆದುರು ಹುತ್ತಕ್ಕೆ ಕೈ ಹಾಕಿ ಹಾವನ್ನು ಹಿಡಿದು ಆಣೆ ಮಾಡುತ್ತಾಳೆ, ಹಾವು ಕಚ್ಚುವುದಿಲ್ಲ, ಹೆಡೆ ಬಿಚ್ಚಿ ಅವಳಿಗೆ ನೆರಳಾಗುತ್ತದೆ, ಊರು ಅವಳನ್ನು ದೇವಿ ಎಂದು ಪೂಜಿಸುತ್ತದೆ. ಕಾರ್ನಾಡರು ಅದನ್ನು ವ್ಯಂಗ್ಯವಾಗಿಯೇ ಬರೆದಿದ್ದಾರೆ. ನಾವು ಮಾತ್ರ ವ್ಯಂಗ್ಯವನ್ನು ಮರೆತು ದಿವ್ಯವನ್ನು ಉಳಿಸಿಕೊಂಡಿದ್ದೇವೆ. ಹೆಣ್ಣೊಬ್ಬಳ ಮಾತು ನಿಜವಾದರೆ ಅದು ಒಂದೇ ಸಲಕ್ಕೆ, ಎಲ್ಲರೆದುರು, ಬೆರಗಾಗುವ ಹಾಗೆ ಸಾಬೀತಾಗಬೇಕು ಎಂಬ ನಿರೀಕ್ಷೆ ನಮ್ಮ ಮನಸ್ಸಿನಲ್ಲಿ ಆಳವಾಗಿದೆ. ಸಿನಿಮಾದ ಕೊನೆಯ ವಾದ ಆ ದಿವ್ಯದ ಇಂದಿನ ರೂಪ. ನಿಜವಾದ ವಿಚಾರಣೆಯಲ್ಲಿ ಹೆಡೆ ಎತ್ತುವ ಹಾವಿಲ್ಲ. ಮಗು ಅಳುವುದಿಲ್ಲ, ಕೆಲವು ಸಲ ನಗುತ್ತದೆ, ಬಿಸ್ಕತ್ತು ಕೇಳುತ್ತದೆ, ದಿನಾಂಕ ತಪ್ಪು ಹೇಳುತ್ತದೆ. ದಿವ್ಯವನ್ನು ನಿರೀಕ್ಷಿಸುವ ಕಣ್ಣಿಗೆ ಇದೆಲ್ಲ ಸುಳ್ಳಿನ ಹಾಗೆ ಕಾಣುತ್ತದೆ.

ಪತ್ರಿಕೆಗಳ ಕನ್ನಡವೂ ಈ ನಿರೀಕ್ಷೆಯನ್ನು ಸಾಕುತ್ತದೆ. "ಹಸುಳೆ", "ಕಾಮುಕ", "ಬಾಡಿದ ಮೊಗ್ಗು", "ಮಾನಭಂಗ". ಕೊನೆಯ ಪದವನ್ನು ಗಮನಿಸಿ. ತಪ್ಪು ಮಾಡಿದವನು ಒಬ್ಬ, ಭಂಗವಾದ ಮಾನ ಮಗುವಿನದು. ಮನೆಗಳಲ್ಲಿ ನಾವು ಮಕ್ಕಳಿಗೆ ಮೈಯ ಭಾಗಗಳಿಗೆ ಹೆಸರು ಹೇಳಿಕೊಡುವ ಬದಲು "ಶೇಮ್ ಶೇಮ್" ಎಂದು ಕಲಿಸುತ್ತೇವೆ. ಆಮೇಲೆ ಏನಾಯಿತೆಂದು ನಿಖರವಾಗಿ ಹೇಳು ಎಂದು ಕೇಳುತ್ತೇವೆ. ಹಾಗಾಗಿಯೇ ಈ ಮಕ್ಕಳ ಮಾತಿನಲ್ಲಿ "ಒಂಥರಾ" ಎಂಬ ಪದ ಅಷ್ಟು ಸಲ ಬರುತ್ತದೆ. ಅದು ಪದದ ಬಡತನ ಎಂದುಕೊಂಡಿದ್ದೆ.

ಇಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳಬೇಕು. ವಿವರಗಳನ್ನೂ ಪದವನ್ನೂ ಬದಲಿಸಿದ್ದೇನೆ. ಮೊದಲ ವರ್ಷ, ಒಂದು ಮಧ್ಯಾಹ್ನ, ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಹುಡುಗಿಯೊಬ್ಬಳ ಜೊತೆ ಕೂತಿದ್ದೆ. ಅವಳು ನೆಲ ಕೆರೆಯುತ್ತ ತನ್ನಷ್ಟಕ್ಕೇ "ನನಗ ಒಂಥರಾ ಆಗಿತ್ತಕ್ಕಾ" ಎಂದಳು. ನಾನು ಸುಮ್ಮನಿರಬೇಕಿತ್ತು. ಸಾಹಿತ್ಯದ ವಿದ್ಯಾರ್ಥಿನಿಗೆ ಸರಿಯಾದ ಪದ ಸಿಗದಿರುವುದನ್ನು ನೋಡಿಕೊಂಡು ಸುಮ್ಮನಿರುವುದು ಕಷ್ಟ. "ಅಸಹ್ಯ ಆತೇನು?" ಎಂದುಬಿಟ್ಟೆ. ಅವಳು ತಲೆಯಾಡಿಸಿದಳು.

ಸಾಕ್ಷಿ ಹೇಳುವ ದಿನ ನ್ಯಾಯಾಧೀಶರ ಪ್ರಶ್ನೆಗೆ ಅವಳು "ಅಸಹ್ಯ ಆತ್ರಿ" ಎಂದಳು. ಪಾಟೀ ಸವಾಲಿನಲ್ಲಿ ಆ ಪದವನ್ನೇ ಹಿಡಿದರು. ಪೊಲೀಸರೆದುರು, ಮ್ಯಾಜಿಸ್ಟ್ರೇಟರೆದುರು ಈ ಪದ ಬಂದಿಲ್ಲ, ಇದನ್ನು ನಿನಗೆ ಯಾರು ಹೇಳಿಕೊಟ್ಟರು? ಮಗು ಮುಗ್ಧವಾಗಿ ನನ್ನ ಕಡೆ ನೋಡಿತು. ಮಕ್ಕಳ ಪ್ರಕರಣಗಳಲ್ಲಿ ಪ್ರತಿವಾದದ ಮೊದಲ ಅಸ್ತ್ರವೇ ಸಾಕ್ಷಿಗೆ ಹೇಳಿಕೊಡಲಾಗಿದೆ ಎನ್ನುವುದು. ಅದನ್ನು ನಾನೇ ಹದಮಾಡಿ ಕೈಗಿಟ್ಟಿದ್ದೆ. ನನ್ನ ಕೈ ತಣ್ಣಗಾಗಿತ್ತು.

ನ್ಯಾಯಾಧೀಶರು ಸ್ವಲ್ಪ ಹೊತ್ತು ಬಿಟ್ಟು, "ಹಂಗಂದ್ರ ಏನವ್ವಾ? ನಿನ್ನ ಮಾತಿನ್ಯಾಗ ಹೇಳು, ಅವಸರಿಲ್ಲ" ಎಂದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳು "ವಾಂತಿ ಬಂದಂಗ ಆಗ್ತದಲ್ರಿ, ಆದ್ರ ಬರೂದಿಲ್ಲ, ಹಂಗ" ಎಂದಳು. ನ್ಯಾಯಾಧೀಶರು ಬೆರಳಚ್ಚುಗಾರರ ಕಡೆ ತಿರುಗಿ, ಪ್ರಶ್ನೆಯನ್ನೂ ಉತ್ತರವನ್ನೂ ಹೇಳಿದ ಹಾಗೇ ಹಾಕಿ ಎಂದರು. 276ನೇ ಕಲಂ ಕೊಟ್ಟಿದ್ದ ಆ ಸಣ್ಣ ವಿನಾಯಿತಿ ಎಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದು ಆವತ್ತು. ಆ ಮೊಕದ್ದಮೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಆ ಕಥೆ ನನ್ನದಲ್ಲ. ನನ್ನದು ಇಷ್ಟೇ: ಅವಳ "ಒಂಥರಾ"ದ ಒಳಗೆ ನಾನು ಕೊಟ್ಟ ಪದಕ್ಕಿಂತ ಹೆಚ್ಚು ನಿಖರವಾದ ಮಾತು ಇತ್ತು. ಅದು ಹೊರಬರಲು ಬೇಕಿದ್ದದ್ದು ಕಾಯುವವರು.

ಈ ಘಟನೆಯಾದ ಮೇಲೆ ನಾನು ಓದುವ ರೀತಿ ಬದಲಾಗಿದೆ. ಆತ್ಮಕಥನವೊಂದರಲ್ಲಿ ಬಾಲ್ಯದ ನೋವು ತುಂಬ ಚೆಂದದ ವಾಕ್ಯದಲ್ಲಿ ಬಂದರೆ, ಈ ವಾಕ್ಯ ಯಾವ ವಯಸ್ಸಿನದು, ಇದನ್ನು ಯಾರು ತಿದ್ದಿದರು ಎಂದು ಕೇಳಿಕೊಳ್ಳುತ್ತೇನೆ. ಚೆಂದವಾಗಿರುವುದು ತಪ್ಪಲ್ಲ. ಏಂಜೆಲೋ ಕೂಡ ಬರೆದದ್ದು ದೊಡ್ಡವಳಾದ ಮೇಲೆ, ದೊಡ್ಡವಳ ಭಾಷೆಯಲ್ಲಿ. ಆದರೆ ಮಗುವಿಗೆ ಆಗ ಗೊತ್ತಿದ್ದದ್ದು ಎಷ್ಟು, ತನಗೆ ಈಗ ಗೊತ್ತಿರುವುದು ಎಷ್ಟು ಎಂಬ ಗೆರೆಯನ್ನು ಅವರು ಅಳಿಸುವುದಿಲ್ಲ. ಮಗುವಿನ "ಇಲ್ಲ" ಎಂಬ ಉತ್ತರವನ್ನು "ಹೌದು" ಎಂದು ತಿದ್ದಿ ತನ್ನನ್ನು ಧೀರೆಯಾಗಿ ಮಾಡಿಕೊಳ್ಳುವುದಿಲ್ಲ. ಈ ವಿಷಯದ ಮೇಲಿನ ಕಥೆ, ಸಿನಿಮಾ, ನಾಟಕ ಯಾವುದೇ ಇರಲಿ, ನಾನು ಈಗ ಅಳೆಯುವುದು ಈ ಗೆರೆಯನ್ನು ಹಿಡಿದು. ಮಗು ಹೇಳಿದ್ದಕ್ಕಿಂತ ಹೆಚ್ಚನ್ನು ಅದರ ಬಾಯಲ್ಲಿ ತುರುಕಿದ್ದಾರೆಯೇ? ಅದರ ಮೌನ, ತಪ್ಪು ತಾರೀಖು, ನಗು, ಮರೆವು ಇವಕ್ಕೆ ಜಾಗವಿದೆಯೇ? ಅದರ ಮಾತು ಮುಗಿಯುವ ಮೊದಲೇ ಯಾರಾದರೂ ಭಾಷಣಕ್ಕೆ ಎದ್ದು ನಿಂತರೇ?

ಕನ್ನಡದಲ್ಲಿ ಈ ಬಗ್ಗೆ ಬರೆಯುವ ಆಸೆಯಿರುವ ಗೆಳೆಯ ಗೆಳತಿಯರಿಗೆ ಹೇಳುವುದು ಇಷ್ಟು. ನಮ್ಮಲ್ಲಿ ಸಿಟ್ಟಿನ ಕವಿತೆಗಳಿಗೆ ಬರವಿಲ್ಲ. ಘಟನೆಯೊಂದು ಸುದ್ದಿಯಾದ ವಾರ ಅವು ತಾವಾಗಿ ಬರುತ್ತವೆ, ಬರಲಿ. ಆದರೆ ಸುದ್ದಿ ಆರಿದ ಮೇಲಿನ ಎರಡು ಮೂರು ವರ್ಷ ಆ ಮಗು ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗುತ್ತಿರುತ್ತದೆ. ಮನೆಯಲ್ಲಿ ಒಂದು ಕನ್ನಡ, ಠಾಣೆಯಲ್ಲಿ ಒಂದು ಕನ್ನಡ, ಕೋರ್ಟಿನಲ್ಲಿ ಒಂದು ಕನ್ನಡ. ಕೆಲವು ಮಕ್ಕಳಿಗೆ ಮನೆಯದು ಲಂಬಾಣಿ, ತುಳು, ಉರ್ದು. ಈ ಭಾಷೆಗಳ ನಡುವೆ ಒಂದು ಮಾತು ಹೇಗೆ ಸವೆಯುತ್ತದೆ, ಯಾರು ಅದನ್ನು ಒರೆಸಿ ಹೊಳಪು ಕೊಡುತ್ತಾರೆ, ಎಲ್ಲಿ ಅದು ಹಾಗೇ ಉಳಿಯುತ್ತದೆ ಎಂದು ನೋಡುವುದು ಸಾಹಿತ್ಯದವರೇ ಮಾಡಬೇಕಾದ ಕೆಲಸ. ಕಾನೂನಿನವರು ಅವರ ಕೆಲಸವನ್ನು ಮಾಡಿ, ಮಗು ಆಡಿದ ಹಾಗೇ ಬರೆದುಕೊಳ್ಳಿ ಎಂದು 2012ರಲ್ಲೇ ಬರೆದಿಟ್ಟಿದ್ದಾರೆ.

ಮುಂದಿನ ವಾರ ನನಗೆ ಮತ್ತೆ ಕೋರ್ಟಿನ ತಾರೀಖಿದೆ. ಚೀಲದಲ್ಲಿ ಬಣ್ಣದ ಪೆನ್ಸಿಲ್ಲು, ಒಂದು ಚಿತ್ರಗಳ ಪುಸ್ತಕ, ನೀರಿನ ಬಾಟಲಿ ಇಟ್ಟುಕೊಂಡಿದ್ದೇನೆ. ಹುಡುಗಿ ಏನಾದರೂ ಹೇಳಲು ಪದ ಹುಡುಕಿದರೆ, ಈ ಸಲ ನಾನು ಕಾಯುತ್ತೇನೆ.